ಸ್ವಿಚ್‌ಗಳ ನಡುವೆ ತಾಮ್ರವೇ, ಫೈಬರೇ? ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ತಾಲ್ಲೂಕುಗಳ ತೋಟದ ಮನೆ, ಹೋಂಸ್ಟೇ, ಶಾಲೆ, ಸಹಕಾರ ಸಂಘ, ನರ್ಸಿಂಗ್ ಹೋಂಗಳಲ್ಲಿ ನೆಟ್‌ವರ್ಕ್ ಹಾಕಿಸುವವರು ಕೇಳುವ ಪ್ರಶ್ನೆಗಳಿವು. ಇಲ್ಲಿ ಸ್ವಿಚ್ ಎಂದರೆ ಕಂಪ್ಯೂಟರ್, ಕ್ಯಾಮೆರಾಗಳ ಕೇಬಲ್‌ಗಳನ್ನು ಒಂದೆಡೆ ಸೇರಿಸಿ ಜಾಲ ಮಾಡುವ ಪೆಟ್ಟಿಗೆ. ಬಯಲುಸೀಮೆಯ ಕಚೇರಿಗೆ ಹೊಂದುವ ಉತ್ತರ ಇಲ್ಲಿನ ಮಳೆ, ಸಿಡಿಲು, ಮರ, ಇಳಿಜಾರುಗಳಿಗೆ ಯಾವಾಗಲೂ ಹೊಂದುವುದಿಲ್ಲ. ಆದ್ದರಿಂದ ಉತ್ತರಗಳನ್ನು ಈ ಜಿಲ್ಲೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇವೆ.

ಎರಡು ಸ್ವಿಚ್‌ಗಳ ನಡುವಿನ ಒಂದು ಕೇಬಲ್‌ಗೆ ಇಷ್ಟೊಂದು ಯೋಚನೆ ಏಕೆ?

ಒಂದು ಕಂಪ್ಯೂಟರ್‌ನ ಕೇಬಲ್ ಕೆಟ್ಟರೆ ಒಬ್ಬರ ಕೆಲಸ ನಿಲ್ಲುತ್ತದೆ. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಕೇಬಲ್ ಕೆಟ್ಟರೆ ಇಡೀ ಕಟ್ಟಡದ ಕೆಲಸ ನಿಲ್ಲುತ್ತದೆ. 24 ಪೋರ್ಟ್‌ಗಳ ಸ್ವಿಚ್‌ನಲ್ಲಿ ಪ್ರತಿ ಪೋರ್ಟ್‌ಗೂ 1 ಗಿಗಾಬಿಟ್ ವೇಗ ಇರುತ್ತದೆ, ಆದರೆ ಅವೆಲ್ಲವೂ ಮುಖ್ಯ ಸ್ವಿಚ್‌ಗೆ ತಲುಪುವುದು ಒಂದೇ ಅಪ್‌ಲಿಂಕ್‌ನ ಮೂಲಕ. ಅಲ್ಲಿ ಇಕ್ಕಟ್ಟಾದರೆ ಮಿಕ್ಕ ಕಡೆ ಎಷ್ಟು ಖರ್ಚು ಮಾಡಿದರೂ ಫಲವಿಲ್ಲ. ಕಂಪ್ಯೂಟರ್, ಕ್ಯಾಮೆರಾಗಳನ್ನು ಐದಾರು ವರ್ಷಕ್ಕೊಮ್ಮೆ ಬದಲಾಯಿಸುತ್ತೀರಿ. ಮಣ್ಣಿನೊಳಗೆ ಹಾಕಿದ ಕೇಬಲ್ ಅವೆಲ್ಲಕ್ಕಿಂತ ಹೆಚ್ಚು ಕಾಲ ಅಲ್ಲೇ ಇರಬೇಕು.

ಚಿಕ್ಕದಾಗಿ ಹೇಳಿ: ಎಲ್ಲಿ ಯಾವುದು?

ಒಂದೇ ರ‍್ಯಾಕ್‌ನೊಳಗಿನ ಸ್ವಿಚ್‌ಗಳಿಗೆ ಎರಡೂ ತುದಿಯಲ್ಲಿ ಮಾಡ್ಯೂಲ್ (ಸ್ವಿಚ್‌ನ ಪೋರ್ಟ್‌ಗೆ ಸಿಕ್ಕಿಸುವ ಪುಟ್ಟ ಘಟಕ) ಅಂಟಿಕೊಂಡೇ ಬರುವ ಡಿಎಸಿ ಎಂಬ ತಾಮ್ರದ ಕೇಬಲ್. ಒಂದೇ ಕಟ್ಟಡದೊಳಗೆ, ಮಹಡಿಯಿಂದ ಮಹಡಿಗೆ, ಒಳ್ಳೆಯ ಕ್ಯಾಟ್ 6ಎ ದರ್ಜೆಯ ತಾಮ್ರದ ಲ್ಯಾನ್ ಕೇಬಲ್ ಅಥವಾ ಫೈಬರ್. ಕಟ್ಟಡದ ಹೊರಗೆ ಕಾಲಿಡುವ ಯಾವುದೇ ಸಂಪರ್ಕಕ್ಕೆ ಸಿಂಗಲ್ ಮೋಡ್ ಫೈಬರ್, ಅಂದರೆ ಬೆಳಕು ಒಂದೇ ಪಥದಲ್ಲಿ ಸಾಗುವ ಬಗೆಯದ್ದು. ದೂರ 20 ಮೀಟರ್ ಇರಲಿ, 2 ಕಿಲೋಮೀಟರ್ ಇರಲಿ. ಈ ಕೊನೆಯ ಮಾತಿನಲ್ಲಿ ನಾವು ರಾಜಿ ಮಾಡಿಕೊಳ್ಳುವುದಿಲ್ಲ.

ಕಣದ ಪಕ್ಕದ ಗೋದಾಮು ಮನೆಯಿಂದ 40 ಮೀಟರ್ ಅಷ್ಟೇ. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಕೆಲಸ ಮಾಡುತ್ತದಲ್ಲ, ಫೈಬರ್ ಏಕೆ?

ವೇಗದ ಲೆಕ್ಕದಲ್ಲಿ ನಿಮ್ಮ ಮಾತು ಸರಿ. ಗೋಡೆಯೊಳಗಿನ 90 ಮೀಟರ್, ಎರಡು ತುದಿಯ ಪ್ಯಾಚ್ ಕಾರ್ಡ್‌ಗಳ 10 ಮೀಟರ್, ಒಟ್ಟು 100 ಮೀಟರ್ ತಾಮ್ರಕ್ಕೆ ಮಾನಕವೇ ಒಪ್ಪಿದ ಮಿತಿ. ಇಲ್ಲಿ ತೊಂದರೆ ಬರುವುದು ದೂರದಿಂದಲ್ಲ, ಸಿಡಿಲಿನಿಂದ.

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಯನ್ನು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಸಿಡಿಲು ನಿಮ್ಮ ಮನೆಗೇ ಬಡಿಯಬೇಕೆಂದಿಲ್ಲ. ಹತ್ತಿರದ ಮರಕ್ಕೆ ಬಡಿದರೂ ಆ ಜಾಗದ ಮಣ್ಣಿನಲ್ಲಿ ವಿದ್ಯುತ್ ಒತ್ತಡ ಏಕಾಏಕಿ ಏರುತ್ತದೆ. ಮನೆಯ ಅರ್ಥಿಂಗ್ ಒಂದು ಕಡೆ, ಗೋದಾಮಿನ ಅರ್ಥಿಂಗ್ ಇನ್ನೊಂದು ಕಡೆ ಇರುವಾಗ ಆ ಎರಡರ ನಡುವೆ ಸಾವಿರಾರು ವೋಲ್ಟ್‌ಗಳ ವ್ಯತ್ಯಾಸ ಕ್ಷಣಮಾತ್ರಕ್ಕೆ ಉಂಟಾಗಬಹುದು. ಎರಡು ಕಟ್ಟಡಗಳನ್ನು ತಾಮ್ರದ ತಂತಿಯಿಂದ ಬೆಸೆದಿದ್ದರೆ ಆ ಒತ್ತಡ ಹರಿಯಲು ನೀವೇ ದಾರಿ ಮಾಡಿಕೊಟ್ಟಂತಾಯಿತು. ಈಥರ್ನೆಟ್ ಪೋರ್ಟ್‌ನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ 1500 ವೋಲ್ಟ್ ತಡೆಯುವಂತೆ ಪರೀಕ್ಷೆಗೆ ಒಳಗಾಗಿರುತ್ತದೆ, ಅದರಾಚೆಗೆ ಭರವಸೆ ಇಲ್ಲ. ಒಂದು ಸಿಡಿಲಿಗೆ ಎರಡೂ ಬದಿಯ ಸ್ವಿಚ್, ರೂಟರ್, ಕ್ಯಾಮೆರಾ ರೆಕಾರ್ಡರ್ ಎಲ್ಲವೂ ಒಟ್ಟಿಗೆ ಸುಟ್ಟುಹೋಗುವುದು ಹೀಗೆ. ಸರ್ಜ್ ಪ್ರೊಟೆಕ್ಟರ್ ಹಾಕಿದರೆ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಅದೂ ಕೆಲಸ ಮಾಡುವುದು ಅರ್ಥಿಂಗ್ ಚೆನ್ನಾಗಿದ್ದರೆ ಮಾತ್ರ.

ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ ಹರಿಯುವುದಿಲ್ಲ. ಈ ಒಂದು ಗುಣಕ್ಕಾಗಿಯೇ, ವೇಗ 1 ಗಿಗಾಬಿಟ್ ಸಾಕೆನ್ನುವವರಿಗೂ, ಕಟ್ಟಡಗಳ ನಡುವೆ ಫೈಬರ್ ಹಾಕಿಸಿ ಎನ್ನುತ್ತೇವೆ.

ಆರ್ಮರ್ಡ್ ಫೈಬರ್‌ನಲ್ಲಿ ಉಕ್ಕಿನ ಪಟ್ಟಿ ಇರುತ್ತದಲ್ಲ?

ಇರುತ್ತದೆ. ಹೆಗ್ಗಣ, ಮುಳ್ಳುಹಂದಿಗಳ ಹಲ್ಲಿನಿಂದ ಕೇಬಲ್ ಉಳಿಯಲು ಅದು ಬೇಕು. ಆದರೆ ಆ ಉಕ್ಕನ್ನು ಕಟ್ಟಡದೊಳಗಿನ ಸ್ವಿಚ್‌ನ ಪಕ್ಕದವರೆಗೂ ತಂದರೆ ಫೈಬರ್ ಹಾಕಿದ ಉದ್ದೇಶವೇ ಕೆಟ್ಟಿತು. ಗೋಡೆಯ ಹೊರಗಿನ ಪೆಟ್ಟಿಗೆಯಲ್ಲೇ ಉಕ್ಕಿನ ಕವಚವನ್ನು ಕತ್ತರಿಸಿ, ಅರ್ಥಿಂಗ್‌ಗೆ ಸೇರಿಸಿ, ಅಲ್ಲಿಂದ ಒಳಕ್ಕೆ ಲೋಹವಿಲ್ಲದ ಕೇಬಲ್ ತರಬೇಕು. ಗಟ್ಟಿಯಾದ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿನೊಳಗೆ ಹಾಕುವುದಾದರೆ ಲೋಹವೇ ಇಲ್ಲದ ಕೇಬಲ್ ಸಿಗುತ್ತದೆ. ಸಿಡಿಲು ಹೆಚ್ಚು ಬಡಿಯುವ ಗುಡ್ಡದ ನೆತ್ತಿಯ ಮನೆಗಳಿಗೆ ನಮ್ಮ ಆಯ್ಕೆ ಅದೇ.

ಕ್ಯಾಟ್ 5ಇ, 6, 6ಎ ಇವುಗಳಲ್ಲಿ ಯಾವುದು ಎಷ್ಟು ವೇಗ ತಾಳುತ್ತದೆ?

1 ಗಿಗಾಬಿಟ್ ತಾಮ್ರದ ಮಾನಕ ಬಂದದ್ದು 1999ರಲ್ಲಿ. ಅದಕ್ಕೆ ಕ್ಯಾಟ್ 5ಇ ಸಾಕು, ಪೂರ್ತಿ 100 ಮೀಟರ್ ಓಡುತ್ತದೆ. 10 ಗಿಗಾಬಿಟ್ ತಾಮ್ರದ ಮಾನಕ 2006ರದ್ದು. ಅದಕ್ಕೆ 100 ಮೀಟರ್ ಬೇಕಿದ್ದರೆ ಕ್ಯಾಟ್ 6ಎ ಬೇಕು. ಸಾದಾ ಕ್ಯಾಟ್ 6ರಲ್ಲಿ ಹೆಚ್ಚೆಂದರೆ 55 ಮೀಟರ್, ಅದೂ ಹತ್ತಾರು ಕೇಬಲ್‌ಗಳು ಒಂದಕ್ಕೊಂದು ಒತ್ತಿಕೊಂಡು ಕಟ್ಟಾಗಿರದಿದ್ದರೆ.

ಇವೆರಡರ ನಡುವೆ ಹಲವರು ಗಮನಿಸದ ಒಂದು ಮೆಟ್ಟಿಲಿದೆ. 2016ರಲ್ಲಿ ಬಂದ ಮಾನಕದ ಪ್ರಕಾರ ಹಳೆಯ ಕ್ಯಾಟ್ 5ಇ ಕೇಬಲ್‌ನಲ್ಲಿ 2.5 ಗಿಗಾಬಿಟ್, ಕ್ಯಾಟ್ 6ರಲ್ಲಿ 5 ಗಿಗಾಬಿಟ್ 100 ಮೀಟರ್‌ವರೆಗೆ ಹೋಗುತ್ತದೆ. ಶಾಲೆಯ ಗೋಡೆಯೊಳಗೆ ಈಗಾಗಲೇ ಒಳ್ಳೆಯ ಕೇಬಲ್ ಇದ್ದರೆ ಗೋಡೆ ಒಡೆಯಬೇಡಿ. ಎರಡು ತುದಿಯ ಸ್ವಿಚ್‌ಗಳನ್ನು 2.5 ಗಿಗಾಬಿಟ್‌ನವಕ್ಕೆ ಬದಲಾಯಿಸಿ ನೋಡಿ.

ಅಗ್ಗದ ಕ್ಯಾಟ್ 6 ಸುರುಳಿ ಅರ್ಧ ಬೆಲೆಗೆ ಸಿಗುತ್ತಿದೆ. ತೆಗೆದುಕೊಳ್ಳಬಹುದೇ?

ಬೇಡ. ಅದು ಬಹುಪಾಲು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಸುರುಳಿಯ ಮೇಲೆ ಸಿಸಿಎ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಕೆಲವೊಮ್ಮೆ ಅದೂ ಇರುವುದಿಲ್ಲ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಅದರ ರೋಧ ತಾಮ್ರಕ್ಕಿಂತ ಹೆಚ್ಚು, ಬಾಗಿಸಿದರೆ ಬೇಗ ಮುರಿಯುತ್ತದೆ. ಕೇಬಲ್‌ನಲ್ಲೇ ವಿದ್ಯುತ್ ಕಳುಹಿಸುವ ಪಿಒಇ ಕ್ಯಾಮೆರಾ ಜೋಡಿಸಿದರೆ ಕೇಬಲ್ ಬಿಸಿಯಾಗುತ್ತದೆ, ದೂರದ ಕ್ಯಾಮೆರಾಕ್ಕೆ ವೋಲ್ಟೇಜ್ ಸಾಲದೆ ರಾತ್ರಿ ಕ್ಯಾಮೆರಾದ ದೀಪ ಹೊತ್ತಿದಾಗ ಅದು ಆಫ್ ಆಗುತ್ತದೆ.

ರ‍್ಯಾಕ್‌ನೊಳಗೆ ಎರಡು ಸ್ವಿಚ್ ಜೋಡಿಸಲು ಡಿಎಸಿ ಕೇಬಲ್ ಏಕೆ ಉತ್ತಮ?

ಅಗ್ಗ, ತಂಪು, ತಂಟೆಯಿಲ್ಲ. 10 ಗಿಗಾಬಿಟ್‌ನ ಎಸ್‌ಎಫ್‌ಪಿ ಪ್ಲಸ್ ಎಂಬ, ಮಾಡ್ಯೂಲ್ ಹಿಡಿಸುವ ಪೋರ್ಟ್‌ಗೆ ನೇರವಾಗಿ ಸಿಕ್ಕಿಸಿದರೆ ಆಯಿತು. ಸಾಮಾನ್ಯವಾಗಿ ಅರ್ಧ ಮೀಟರ್‌ನಿಂದ 5 ಮೀಟರ್ ಉದ್ದದಲ್ಲಿ ಸಿಗುತ್ತದೆ. ಅದು ಬಳಸುವ ವಿದ್ಯುತ್ ಒಂದು ವ್ಯಾಟ್‌ನ ಸಣ್ಣ ಭಾಗ. ಅದೇ ಪೋರ್ಟ್‌ಗೆ ಸಾದಾ ಲ್ಯಾನ್ ಕೇಬಲ್ ಸಿಕ್ಕಿಸಲು ಬರುವ 10 ಗಿಗಾಬಿಟ್ ತಾಮ್ರದ ಮಾಡ್ಯೂಲ್ ಸುಮಾರು 2.5 ವ್ಯಾಟ್ ತಿನ್ನುತ್ತದೆ, ಬೆರಳು ಇಟ್ಟರೆ ಸುಡುವಷ್ಟು ಬಿಸಿಯಾಗುತ್ತದೆ. ಅಂಥ ಅನೇಕ ಮಾಡ್ಯೂಲ್‌ಗಳು 30 ಮೀಟರ್‌ಗಷ್ಟೇ ತಕ್ಕವು. ಫ್ಯಾನ್ ಇಲ್ಲದ ಸ್ವಿಚ್‌ನಲ್ಲಿ ಅಕ್ಕಪಕ್ಕ ಎರಡನ್ನು ಹಾಕಬೇಡಿ. ಅನಿವಾರ್ಯವಾದರೆ ನಡುವೆ ಒಂದು ಪೋರ್ಟ್ ಖಾಲಿ ಬಿಡಿ.

ಸಿಂಗಲ್ ಮೋಡ್ ತೆಗೆದುಕೊಳ್ಳಬೇಕೆ, ಮಲ್ಟಿಮೋಡ್ ತೆಗೆದುಕೊಳ್ಳಬೇಕೆ?

ಸಿಂಗಲ್ ಮೋಡ್. ಮೊದಲೆಲ್ಲ ಅದರ ಮಾಡ್ಯೂಲ್ ದುಬಾರಿ ಎಂಬ ಕಾರಣಕ್ಕೆ ಹತ್ತಿರದ ಕಟ್ಟಡಗಳಿಗೆ ಮಲ್ಟಿಮೋಡ್ ಹಾಕುತ್ತಿದ್ದರು. ಈಗ ಬೆಲೆಯ ಅಂತರ ಬಹಳ ಕುಗ್ಗಿದೆ.

ಮಲ್ಟಿಮೋಡ್‌ನಲ್ಲಿ ಬೆಳಕು ಹಲವು ಪಥಗಳಲ್ಲಿ ಸಾಗುತ್ತದೆ. ಅದರ ಕಷ್ಟ ಏನೆಂದರೆ, ವೇಗ ಏರಿದಂತೆ ದೂರ ಕುಸಿಯುತ್ತದೆ. ಆಕಾಶನೀಲಿ ಬಣ್ಣದ ಓಎಂ3 ಕೇಬಲ್ 10 ಗಿಗಾಬಿಟ್ ಅನ್ನು 300 ಮೀಟರ್ ಒಯ್ಯುತ್ತದೆ, 25 ಗಿಗಾಬಿಟ್ ಆದರೆ 70 ಮೀಟರ್ ಮಾತ್ರ. ಹಳೆಯ ಕಟ್ಟಡಗಳಲ್ಲಿ ಕಾಣುವ ಕಿತ್ತಳೆ ಬಣ್ಣದ ಓಎಂ1 ಕೇಬಲ್‌ನಲ್ಲಿ 10 ಗಿಗಾಬಿಟ್‌ನ ಸಾಮಾನ್ಯ ಮಾಡ್ಯೂಲ್ 33 ಮೀಟರ್ ದಾಟುವುದಿಲ್ಲ. ಹಳದಿ ಪ್ಯಾಚ್ ಕಾರ್ಡ್‌ನ ಸಿಂಗಲ್ ಮೋಡ್‌ಗೆ ಈ ಚಿಂತೆ ಇಲ್ಲ. ಇಂದು 1 ಗಿಗಾಬಿಟ್ ಹರಿಸುವ ಅದೇ ಎಳೆಯಲ್ಲಿ ಮುಂದೆ 10, ಆಮೇಲೆ 100 ಗಿಗಾಬಿಟ್ ಕೂಡ 10 ಕಿಲೋಮೀಟರ್ ಹರಿಸಬಹುದು. ಬದಲಾಗುವುದು ತುದಿಯ ಮಾಡ್ಯೂಲ್ ಮಾತ್ರ. ಬರೆ ಕಡಿದು, ಬಂಡೆ ಸೀಳಿ ಒಮ್ಮೆ ಹೂಳಿದ ಕೇಬಲ್ ಅನ್ನು ಮತ್ತೆ ಅಗೆಯುವ ಖರ್ಚು ಯಾರಿಗೂ ಬೇಡ.

ಈಗಾಗಲೇ ಮಲ್ಟಿಮೋಡ್ ಇದ್ದು ಕೆಲಸ ನಡೆಯುತ್ತಿದ್ದರೆ ಕೀಳಬೇಡಿ. ಆದರೆ ಒಂದೇ ಸಂಪರ್ಕದಲ್ಲಿ ಎರಡನ್ನೂ ಬೆರೆಸಬೇಡಿ.

ಯಾವ ಮಾಡ್ಯೂಲ್ ಕೊಳ್ಳಬೇಕು? ಅಂಗಡಿಯಲ್ಲಿ ಹತ್ತು ಹೆಸರು ಹೇಳುತ್ತಾರೆ.

ಮೊದಲು ಸ್ವಿಚ್‌ನ ಪೋರ್ಟ್ ನೋಡಿ. ಎಸ್‌ಎಫ್‌ಪಿ ಎಂದರೆ 1 ಗಿಗಾಬಿಟ್, ಎಸ್‌ಎಫ್‌ಪಿ ಪ್ಲಸ್ ಎಂದರೆ 10, ಎಸ್‌ಎಫ್‌ಪಿ 28 ಎಂದರೆ 25. ನೋಡಲು ಒಂದೇ ಗಾತ್ರ. 1 ಗಿಗಾಬಿಟ್ ಮಾಡ್ಯೂಲ್ ಸಾಮಾನ್ಯವಾಗಿ 10ರ ಪೋರ್ಟ್‌ನಲ್ಲಿ 1 ಗಿಗಾಬಿಟ್ ವೇಗಕ್ಕೆ ಕೆಲಸ ಮಾಡುತ್ತದೆ, 10ರ ಮಾಡ್ಯೂಲ್ 1ರ ಪೋರ್ಟ್‌ನಲ್ಲಿ ಕೆಲಸ ಮಾಡುವುದಿಲ್ಲ. ಲ್ಯಾನ್ ಕೇಬಲ್‌ನಂತೆ ಎರಡು ಬದಿಗಳು ತಾವೇ ಮಾತಾಡಿಕೊಂಡು ಕಡಿಮೆ ವೇಗಕ್ಕೆ ಒಪ್ಪಿಕೊಳ್ಳುವ ವ್ಯವಸ್ಥೆ ಇಲ್ಲಿಲ್ಲ. ಒಂದು ಬದಿ 1, ಇನ್ನೊಂದು ಬದಿ 10 ಇದ್ದರೆ ಸಂಪರ್ಕವೇ ಏಳುವುದಿಲ್ಲ.

ಸಿಂಗಲ್ ಮೋಡ್‌ನಲ್ಲಿ 10 ಗಿಗಾಬಿಟ್‌ಗೆ ಎಲ್‌ಆರ್ ಎಂಬ ಮಾಡ್ಯೂಲ್ ಸಾಕು. 1310 ನ್ಯಾನೋಮೀಟರ್ ಬೆಳಕು, 10 ಕಿಲೋಮೀಟರ್‌ವರೆಗೆ. 200 ಮೀಟರ್‌ಗೆ 10 ಕಿಲೋಮೀಟರ್‌ನದ್ದು ಹಾಕಿದರೆ ಹೆಚ್ಚಾಗುವುದಿಲ್ಲವೇ ಎಂದು ಕೇಳುತ್ತಾರೆ. ಎಲ್‌ಆರ್‌ಗೆ ತೊಂದರೆ ಇಲ್ಲ. 40 ಕಿಲೋಮೀಟರ್‌ನ ಇಆರ್ ಮಾಡ್ಯೂಲ್ ಅನ್ನು ಮಾತ್ರ ಹತ್ತಿರಕ್ಕೆ ಹಾಕಬಾರದು. ಬೆಳಕು ತೀವ್ರವಾಗಿ ಎದುರು ಬದಿಯ ಬೆಳಕು ಪಡೆಯುವ ಭಾಗ ಹಾಳಾಗಬಹುದು. ಇನ್ನೊಂದು ವಿಷಯ: ಕೆಲವು ಕಂಪನಿಗಳ ಸ್ವಿಚ್‌ಗಳು ಬೇರೆಯವರ ಮಾಡ್ಯೂಲ್ ಅನ್ನು ಒಪ್ಪುವುದಿಲ್ಲ. ಕೊಳ್ಳುವ ಮುಂಚೆ ಹೊಂದಾಣಿಕೆಯನ್ನು ಬರವಣಿಗೆಯಲ್ಲಿ ಕೇಳಿ.

ಒಂದೇ ಎಳೆ ಉಳಿದಿದೆ. ಎರಡು ಬೇಕೇ ಬೇಕೆ?

ಸಾಮಾನ್ಯ ಮಾಡ್ಯೂಲ್‌ಗೆ ಕಳುಹಿಸಲು ಒಂದು, ಪಡೆಯಲು ಒಂದು ಎಂದು ಎರಡು ಎಳೆ ಬೇಕು. ಬೈಡೈ ಮಾಡ್ಯೂಲ್ ಬಳಸಿದರೆ ಒಂದು ಸಾಕು. 10 ಗಿಗಾಬಿಟ್‌ನದ್ದಾದರೆ ಒಂದು ಬದಿ 1270 ನ್ಯಾನೋಮೀಟರ್ ಬೆಳಕಿನಲ್ಲಿ ಕಳುಹಿಸಿ 1330ರಲ್ಲಿ ಪಡೆಯುತ್ತದೆ, ಇನ್ನೊಂದು ಬದಿ ಅದರ ತದ್ವಿರುದ್ಧ. ಜೋಡಿಯಾಗಿಯೇ ಕೊಳ್ಳಬೇಕು. ಒಂದೇ ಬಗೆಯ ಎರಡನ್ನು ತಂದರೆ ಬೆಳಕು ಹೋಗುತ್ತದೆ, ಮಾತು ಕೇಳುವುದಿಲ್ಲ.

ಮನೆಗೆ ಬಂದಿರುವ ಇಂಟರ್‌ನೆಟ್ ಫೈಬರ್‌ನ ಹಸಿರು ಪಿನ್ ಅನ್ನು ಸ್ವಿಚ್‌ಗೆ ಸಿಕ್ಕಿಸಬಹುದೇ?

ಇಲ್ಲ. ಹಸಿರು ಎಂದರೆ ಎಪಿಸಿ, ಅದರ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ಸ್ವಿಚ್‌ನ ಮಾಡ್ಯೂಲ್‌ಗೆ ಬರುವುದು ನೀಲಿ ಎಲ್‌ಸಿ, ನೇರ ಮುಖದ್ದು. ಹಸಿರು, ನೀಲಿ ಮುಖಗಳನ್ನು ಒತ್ತಿದರೆ ನಡುವೆ ಸಂದು ಉಳಿದು ಬೆಳಕು ನಷ್ಟವಾಗುತ್ತದೆ, ಮುಖಗಳೂ ಕೆಡಬಹುದು. ಇಂಟರ್‌ನೆಟ್ ಕಂಪನಿಯ ಪೆಟ್ಟಿಗೆಯಿಂದ ಹೊರಬರುವ ಲ್ಯಾನ್ ಪೋರ್ಟ್‌ನಿಂದ ನಿಮ್ಮ ಜಾಲ ಶುರುವಾಗಬೇಕು.

ತೋಟದೊಳಗೆ ಫೈಬರ್ ಅನ್ನು ಸಿಲ್ವರ್ ಓಕ್ ಮರದಿಂದ ಮರಕ್ಕೆ ಕಟ್ಟಬಹುದೇ?

ಕಟ್ಟಿದವರು ಬಹಳ ಮಂದಿ. ಮಳೆಗಾಲದಲ್ಲಿ ಕೈಸುಟ್ಟುಕೊಂಡವರೂ ಅವರೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಗೆ ಪ್ರತಿ ಮರವೂ ತನ್ನದೇ ರೀತಿಯಲ್ಲಿ ತೂಗುತ್ತದೆ. ಬಿಗಿಯಾಗಿ ಕಟ್ಟಿದ ಕೇಬಲ್ ಪ್ರತಿ ತೂಗಿಗೂ ಎಳೆತಕ್ಕೆ ಸಿಕ್ಕುತ್ತದೆ. ಮರ ದಪ್ಪವಾಗುತ್ತ ಕಟ್ಟಿದ ತಂತಿಯನ್ನು ತೊಗಟೆಯೊಳಗೆ ನುಂಗುತ್ತದೆ. ಕಾಳುಮೆಣಸಿನ ಬಳ್ಳಿ ಹಬ್ಬಿದ ಮೇಲೆ ಕೇಬಲ್ ಎಲ್ಲಿದೆ ಎಂದೇ ಕಾಣುವುದಿಲ್ಲ. ಮೆಣಸು ಕೊಯ್ಯುವವರ ಏಣಿ, ಮರ ಕಪಾತು ಮಾಡುವವರ ಕತ್ತಿ ಎರಡಕ್ಕೂ ಅದು ಸಿಗುತ್ತದೆ. ಮರ ಉರುಳಿದರಂತೂ ಮುಗಿಯಿತು.

ಮೇಲಿನಿಂದಲೇ ಒಯ್ಯಬೇಕಾದ ಜಾಗದಲ್ಲಿ ಸ್ವಂತ ಕಂಬ ನೆಟ್ಟು, ತನ್ನ ಭಾರವನ್ನು ತಾನೇ ಹೊರುವ, ಲೋಹವಿಲ್ಲದ ಎಡಿಎಸ್‌ಎಸ್ ಕೇಬಲ್ ಹಾಕಿ. ತುಸು ಜೋಲು ಬಿಡಿ. ವಿದ್ಯುತ್ ಕಂಬಕ್ಕೆ ಅನುಮತಿಯಿಲ್ಲದೆ ಕಟ್ಟಬೇಡಿ. ಅದು ಪ್ರಾಣದ ಪ್ರಶ್ನೆ.

ಮಣ್ಣಿನೊಳಗೆ ಹಾಕುವುದು ಇನ್ನೂ ಒಳ್ಳೆಯದು. 40 ಮಿಲಿಮೀಟರ್ ಎಚ್‌ಡಿಪಿಇ ಪೈಪ್, ಮೂರು ಅಡಿ ಆಳ, ಅದರ ಮೇಲೆ ಒಂದಡಿ ಮಣ್ಣು ಬಿದ್ದ ಬಳಿಕ ಎಚ್ಚರಿಕೆಯ ಪಟ್ಟಿ. ಕಾಫಿ ಗಿಡ ಬದಲಿಸುವ ಗುಂಡಿ, ಚರಂಡಿ ತೋಡುವ ಗುದ್ದಲಿ ಅಷ್ಟು ಆಳಕ್ಕೆ ಬರುವುದು ಅಪರೂಪ. ತೋಟದೊಳಗಿನ ರಸ್ತೆಯ ಅಂಚನ್ನೇ ಹಿಡಿದು ಹೋಗಿ; ದಾರಿ ಸ್ವಲ್ಪ ಸುತ್ತಾದರೂ ಮುಂದೆ ಹುಡುಕುವುದು ಸುಲಭ.

ಇಳಿಜಾರಿನಲ್ಲಿ ಒಂದು ಎಚ್ಚರ ಬಹಳ ಮುಖ್ಯ. ಗುಡ್ಡದ ತಲೆಯಿಂದ ಬುಡಕ್ಕೆ ನೇರವಾಗಿ ತೋಡಿದ ಕಾಲುವೆಯನ್ನು ಸಡಿಲ ಮಣ್ಣಿನಿಂದ ಮುಚ್ಚಿದರೆ ಮಳೆನೀರು ಅದನ್ನೇ ದಾರಿ ಮಾಡಿಕೊಂಡು ಒಳಗೊಳಗೇ ಕೊರೆಯುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಕುಸಿದದ್ದನ್ನು ಕಂಡ ಊರಿನಲ್ಲಿ ಇದನ್ನು ಲಘುವಾಗಿ ನೋಡಬಾರದು. ಕಾಲುವೆಯನ್ನು ಓರೆಯಾಗಿ ಒಯ್ಯಿರಿ, ಪದರ ಪದರವಾಗಿ ದಮ್ಮಸ್ಸು ಮಾಡಿ ಮುಚ್ಚಿ, ಕಡಿದಾದ ಕಡೆಗಳಲ್ಲಿ ಅಲ್ಲಲ್ಲಿ ಕಲ್ಲಿನ ಅಡ್ಡಗಟ್ಟೆ ಕಟ್ಟಿ. ಬರೆಯ ಅಂಚಿನಲ್ಲಿ ಜೆಸಿಬಿ ಬೇಡ, ಆಳುಗಳಿಂದಲೇ ಅಗೆಸಿ.

ಕಾಡಾನೆ ಓಡಾಡುವ ತೋಟ. ಸೋಲಾರ್ ಬೇಲಿಯೂ ಇದೆ.

ಸಿದ್ದಾಪುರದ ಕಡೆಯ ಬೆಳೆಗಾರರ ಪ್ರಶ್ನೆ ಇದು. ಆನೆದಾರಿಯಲ್ಲಿ ಕಂಬ, ನೇತಾಡುವ ಕೇಬಲ್ ಎರಡೂ ಬೇಡ, ಹೂಳಿಬಿಡಿ. ಸೋಲಾರ್ ಬೇಲಿಯ ತಂತಿಯಲ್ಲಿ ಕೆಲವು ಸಾವಿರ ವೋಲ್ಟ್‌ಗಳ ಮಿಡಿತ ಹರಿಯುತ್ತಿರುತ್ತದೆ. ಅದರ ಪಕ್ಕದಲ್ಲೇ ಉದ್ದಕ್ಕೆ ಹೋಗುವ ಲ್ಯಾನ್ ಕೇಬಲ್‌ಗೆ ಆ ಮಿಡಿತ ತಟ್ಟುತ್ತದೆ. ಲೋಹವಿಲ್ಲದ ಫೈಬರ್‌ಗೆ ತಟ್ಟುವುದಿಲ್ಲ. ಹಾಗೆಂದು ಬೇಲಿಯ ಕಂಬಕ್ಕೇ ಫೈಬರ್ ಕಟ್ಟಬೇಡಿ. ಬೇಲಿ ದುರಸ್ತಿ ಮಾಡುವವರು ಮೊದಲು ಕತ್ತರಿಸುವುದು ಅದನ್ನೇ.

ಫೈಬರ್‌ಗೆ ನಡುವೆ ಜೋಡಣೆ ಮಾಡಿದರೆ ವೇಗ ಕಡಿಮೆಯಾಗುತ್ತದೆಯೇ?

ವೇಗ ಕಡಿಮೆಯಾಗುವುದಿಲ್ಲ, ಬೆಳಕು ಕಡಿಮೆಯಾಗುತ್ತದೆ. ಬೆಳಕು ಮಿತಿಗಿಂತ ಇಳಿದಾಗ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ, ಆಮೇಲೆ ನಿಲ್ಲುತ್ತದೆ. 10 ಗಿಗಾಬಿಟ್ ಎಲ್‌ಆರ್ ಮಾಡ್ಯೂಲ್‌ಗಳ ನಡುವೆ ಸುಮಾರು 6 ಡೆಸಿಬಲ್ ನಷ್ಟಕ್ಕೆ ಅವಕಾಶ ಇದೆ. 2 ಕಿಲೋಮೀಟರ್ ಫೈಬರ್‌ಗೆ 0.8, ಎರಡು ಕನೆಕ್ಟರ್‌ಗೆ ತಲಾ 0.5ರಂತೆ 1, ಶಾಖದಿಂದ ಬೆಸೆದ ನಾಲ್ಕು ಜೋಡಣೆಗೆ ತಲಾ 0.1ರಂತೆ 0.4 ಎಂದುಕೊಂಡರೂ ಒಟ್ಟು 2.2. ಇನ್ನೂ ಸಾಕಷ್ಟು ಉಳಿಯಿತು. ಆದರೆ ಕೊಳೆಯಾದ ಒಂದೇ ಕನೆಕ್ಟರ್ ಇದೆಲ್ಲವನ್ನೂ ತಿಂದುಹಾಕಬಲ್ಲದು.

ಎಲ್ಲ ಸಿಕ್ಕಿಸಿದ್ದೇವೆ, ದೀಪವೇ ಉರಿಯುತ್ತಿಲ್ಲ. ಏನು ನೋಡಬೇಕು?

ಮೊದಲು ಒಂದು ತುದಿಯಲ್ಲಿ ಎರಡು ಎಳೆಗಳನ್ನು ಅದಲುಬದಲು ಮಾಡಿ. ಒಂದು ಬದಿಯ ಕಳುಹಿಸುವ ಎಳೆ ಇನ್ನೊಂದು ಬದಿಯ ಪಡೆಯುವ ಕಡೆಗೆ ಹೋಗಬೇಕು. ಬಹುತೇಕ ದೂರುಗಳು ಇಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಕನೆಕ್ಟರ್ ಮುಖಗಳನ್ನು ಅದಕ್ಕೆಂದೇ ಸಿಗುವ ಕ್ಲೀನರ್‌ನಿಂದ ಒರೆಸಿ. ಅಂಗಿಯ ತುದಿ, ಉಸಿರು ಬೇಡ. ನಮ್ಮ ಮಳೆಗಾಲದ ತೇವದಲ್ಲಿ ಮುಚ್ಚಳವಿಲ್ಲದೆ ಬಿಟ್ಟ ಕನೆಕ್ಟರ್ ಅನ್ನು ಒರೆಸದೆ ಸಿಕ್ಕಿಸಲೇಬಾರದು. ಬಳಿಕ ಎರಡೂ ಬದಿಯ ಮಾಡ್ಯೂಲ್ ಒಂದೇ ವೇಗದ್ದೇ, ಒಂದೇ ತರಂಗಾಂತರದ್ದೇ (ಬೈಡೈ ಆದರೆ ಸರಿಯಾದ ಜೋಡಿಯೇ) ನೋಡಿ. ಅದೂ ಸರಿ ಇದ್ದರೆ ಬೆಳಕನ್ನು ಅಳೆಯುವ ಪವರ್ ಮೀಟರ್ ಇರುವವರನ್ನು ಕರೆಸಿ. ಫೈಬರ್‌ನ ತುದಿಯನ್ನು ಕಣ್ಣಿಗೆ ಹಿಡಿದು ಬೆಳಕು ಬರುತ್ತಿದೆಯೇ ಎಂದು ನೋಡುವ ಅಭ್ಯಾಸ ಬಿಡಿ. ಅದು ಕಣ್ಣಿಗೆ ಕಾಣದ ಬೆಳಕು, ಆದರೆ ಲೇಸರ್.

ಎರಡು ಕೇಬಲ್ ಹಾಕಿದರೆ ವೇಗ ಎರಡು ಪಟ್ಟಾಗುತ್ತದೆಯೇ?

ಏನೂ ಹೊಂದಿಸದೆ ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್ ಸಿಕ್ಕಿಸಿದರೆ ವರ್ತುಲ ಉಂಟಾಗುತ್ತದೆ. ಎಲ್ಲರಿಗೂ ಹೋಗುವ ಸಂದೇಶ ಅದರಲ್ಲಿ ಸುತ್ತುತ್ತ ಬೆಳೆದು ಕ್ಷಣಗಳಲ್ಲಿ ಇಡೀ ಜಾಲವನ್ನು ನಿಲ್ಲಿಸುತ್ತದೆ. ಹೊಂದಿಸಲು ಬರುವ ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆ ಒಂದು ದಾರಿಯನ್ನು ಮುಚ್ಚಿಟ್ಟು ಇದನ್ನು ತಡೆಯುತ್ತದೆ. ಎರಡನ್ನೂ ದುಡಿಸಬೇಕಿದ್ದರೆ ಎರಡು ಕೇಬಲ್‌ಗಳನ್ನು ಒಂದೇ ಸಂಪರ್ಕದಂತೆ ಸೇರಿಸುವ ಎಲ್‌ಎಸಿಪಿಯನ್ನು ಎರಡೂ ಬದಿಯಲ್ಲಿ ಹೊಂದಿಸಬೇಕು. ಆಗಲೂ ಒಂದು ಕಡತದ ವರ್ಗಾವಣೆ ಒಂದೇ ಕೇಬಲ್‌ನಲ್ಲಿ ಹೋಗುತ್ತದೆ: ರಸ್ತೆ ಎರಡು ಪಥವಾಯಿತೆಂದು ಒಂದು ಜೀಪು ದುಪ್ಪಟ್ಟು ವೇಗದಲ್ಲಿ ಓಡುವುದಿಲ್ಲ. ಹಲವರು ಒಟ್ಟಿಗೆ ಬಳಸುವಾಗ ಲಾಭ ಇದೆ, ಒಂದು ತುಂಡಾದರೆ ಇನ್ನೊಂದು ಉಳಿಯುತ್ತದೆ ಎಂಬುದು ಅದಕ್ಕಿಂತ ದೊಡ್ಡ ಲಾಭ. ಆದರೆ ಎರಡನ್ನೂ ಒಂದೇ ಪೈಪಿನೊಳಗೆ ಹಾಕಿದರೆ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ.

ನಮಗೆ ನಿಜವಾಗಿ 10 ಗಿಗಾಬಿಟ್ ಬೇಕೆ?

ಹೋಂಸ್ಟೇಗೆ ಬೇಡ. ಇಪ್ಪತ್ತು ಕ್ಯಾಮೆರಾ ತಲಾ 6 ಮೆಗಾಬಿಟ್ ಕಳುಹಿಸಿದರೂ 120 ಮೆಗಾಬಿಟ್. ಅತಿಥಿಗಳ ವೈಫೈ ಸೇರಿದರೂ 1 ಗಿಗಾಬಿಟ್ ಧಾರಾಳ. ನಿಮ್ಮ ಇಂಟರ್‌ನೆಟ್ ಯೋಜನೆ 100 ಮೆಗಾಬಿಟ್ ಇದ್ದರೆ ಒಳಗೆ 10 ಗಿಗಾಬಿಟ್ ಹಾಕಿದರೂ ಇಂಟರ್‌ನೆಟ್ 100 ಆಗಿಯೇ ಉಳಿಯುತ್ತದೆ.

ಸ್ಕ್ಯಾನ್ ಚಿತ್ರಗಳನ್ನು ಇಡುವ ಆಸ್ಪತ್ರೆ, ವಿಡಿಯೊ ಸಂಕಲನ ಮಾಡುವವರು, ದೊಡ್ಡ ಕಾಲೇಜಿನ ಪ್ರಯೋಗಾಲಯ ಇವರಿಗೆ ಬೇಕು. 100 ಗಿಗಾಬೈಟ್ ನಕಲು ಮಾಡಲು 1 ಗಿಗಾಬಿಟ್‌ನಲ್ಲಿ ಸುಮಾರು 15 ನಿಮಿಷ ಹಿಡಿಯುತ್ತದೆ, 10ರಲ್ಲಿ ಒಂದೂವರೆ ನಿಮಿಷ. ಆದರೆ ಆ ವೇಗದಲ್ಲಿ ಬರೆಯಬಲ್ಲ ಎಸ್‌ಎಸ್‌ಡಿ ಎರಡೂ ಬದಿಯಲ್ಲಿರಬೇಕು. ಸಾದಾ ಹಾರ್ಡ್ ಡಿಸ್ಕ್ ಇದ್ದರೆ ಕೇಬಲ್ ಕಾಯುತ್ತ ಕೂರುತ್ತದೆ. ಉಳಿದವರಿಗೆ ನಮ್ಮ ಸಲಹೆ: ಸಿಂಗಲ್ ಮೋಡ್ ಹೂಳಿ, ಈಗ 1 ಗಿಗಾಬಿಟ್ ಮಾಡ್ಯೂಲ್ ಹಾಕಿ, ಬೇಕಾದಾಗ ಮಾಡ್ಯೂಲ್ ಬದಲಿಸಿ.

ಫೈಬರ್‌ನಲ್ಲಿ ಪಿಒಇ ಹೋಗುತ್ತದೆಯೇ? ಕರೆಂಟ್ ಹೋದಾಗ ಏನಾಗುತ್ತದೆ?

ಹೋಗುವುದಿಲ್ಲ. ಆಚೆ ಬದಿಯ ಸ್ವಿಚ್‌ಗೆ ಅಲ್ಲೇ ವಿದ್ಯುತ್ ಬೇಕು, ಅಲ್ಲೇ ಯುಪಿಎಸ್ ಬೇಕು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿರುವುದು ಇಲ್ಲಿ ಹೊಸತಲ್ಲ. ಆದ್ದರಿಂದ ಹೊರಗಿನ ಕಟ್ಟಡಗಳಿಗೆ ಕಡಿಮೆ ವ್ಯಾಟ್‌ನ, ಫ್ಯಾನ್ ಇಲ್ಲದ ಚಿಕ್ಕ ಸ್ವಿಚ್ ಆರಿಸಿ. ಪ್ರತಿ ಕಟ್ಟಡವನ್ನೂ ನೇರವಾಗಿ ಮುಖ್ಯ ಸ್ವಿಚ್‌ಗೆ ತನ್ನಿ. ಲೈನ್‌ಮನೆಯಿಂದ ಗೋದಾಮಿಗೆ, ಗೋದಾಮಿನಿಂದ ಪಲ್ಪಿಂಗ್ ಘಟಕಕ್ಕೆ ಎಂದು ಸರಪಳಿ ಮಾಡಿದರೆ ನಡುವಿನ ಒಂದು ಯುಪಿಎಸ್ ಖಾಲಿಯಾದಾಗ ಆಚೆಯದ್ದೆಲ್ಲವೂ ನಿಲ್ಲುತ್ತದೆ.

ಎಷ್ಟು ಎಳೆಗಳ ಕೇಬಲ್ ಹಾಕಿಸಬೇಕು? ಯಾವ ತಿಂಗಳು ಒಳ್ಳೆಯದು?

ಎರಡು ಸಾಕೆನಿಸಿದರೂ ಆರು ಎಳೆಯದ್ದು ಹಾಕಿಸಿ. ಅಗೆಯುವ ಕೂಲಿಯ ಮುಂದೆ ಕೇಬಲ್‌ನ ಬೆಲೆಯ ವ್ಯತ್ಯಾಸ ಏನೂ ಅಲ್ಲ. ಎರಡೂ ತುದಿಯಲ್ಲಿ ಹತ್ತು ಮೀಟರ್ ಸುರುಳಿ ಸುತ್ತಿಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಆಳು ಸಿಗುವುದಿಲ್ಲ, ಜೂನ್ ಬಂದರೆ ಕಾಲುವೆ ತುಂಬ ನೀರು. ಕೊಯ್ಲು ಮುಗಿದು ಹೂಮಳೆ ಬಿದ್ದ ಮೇಲೆ ಮಣ್ಣು ಮೆತ್ತಗಾಗಿರುತ್ತದೆ. ಮೇ ಮುಗಿಯುವುದರೊಳಗೆ ಮುಚ್ಚುವ ಕೆಲಸವೂ ಆಗಿರಬೇಕು.

ಕೆಲಸ ಮುಗಿದ ಮೇಲೆ ಗುತ್ತಿಗೆದಾರರಿಂದ ಏನು ಕೇಳಿ ಪಡೆಯಬೇಕು?

ಪ್ರತಿ ಎಳೆಯ ನಷ್ಟ ಎಷ್ಟು ಡೆಸಿಬಲ್ ಎಂಬ ಅಳತೆಯ ಹಾಳೆ. ಬಳಸದೆ ಬಿಟ್ಟ ಎಳೆಗಳದ್ದೂ ಅದರಲ್ಲಿರಬೇಕು. ಕಾಲುವೆ ಮುಚ್ಚುವ ಮುಂಚೆ ತೆಗೆದ ಫೋಟೊಗಳು, ದಾರಿಯ ನಕ್ಷೆ, ಜೋಡಣೆಯ ಪೆಟ್ಟಿಗೆ ಯಾವ ಮರದಿಂದ ಅಥವಾ ಮೂಲೆಯಿಂದ ಎಷ್ಟು ಮೀಟರ್ ಎಂಬ ಗುರುತು. ಮಾಡ್ಯೂಲ್‌ಗಳ ಬಿಲ್. ಇವೆಲ್ಲ ಕೈಗೆ ಬಂದ ಮೇಲೆ ಕೊನೆಯ ಕಂತು ಕೊಡಿ. ನಕ್ಷೆಯ ಒಂದು ಪ್ರತಿಯನ್ನು ತೋಟದ ರೈಟರ್ ಬಳಿಯೂ ಇರಿಸಿ, ಗುದ್ದಲಿ ಹಾಕಿಸುವವರು ಅವರೇ.